ಹೊಳೆ ನೀರಲ್ಲಿ ಮೈಕ್ರೋಪ್ಲಾಸ್ಟಿಕ್: ಎಣಿಕೆ ಯಾಕೆ ಏರ್ತಿದೆ?

ಪ್ರಶ್ನೆ: ಕುಶಾಲನಗರದ ಹತ್ತಿರ ಕಾವೇರಿ ನೀರನ್ನು ಸೋಸಿ, ನೈಲ್ ರೆಡ್ (ಪ್ಲಾಸ್ಟಿಕ್‌ಗೆ ಅಂಟಿ ಹೊಳೆಯೋ ಬಣ್ಣ) ಹಾಕಿ, ನೀಲಿ ಎಲ್‌ಇಡಿ ಬೆಳಕಲ್ಲಿ ಮೊಬೈಲ್ ಕ್ಯಾಮೆರಾದಿಂದ ಮೈಕ್ರೋಪ್ಲಾಸ್ಟಿಕ್ (ಪ್ಲಾಸ್ಟಿಕ್‌ನ ತೀರಾ ಸಣ್ಣ ಚೂರು) ಎಣಿಸ್ತಿದ್ದೀವಿ. ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸೋದು) ಶುರುವಾದ ಮೇಲೆ ಹೊಳೆಯೋ ಚುಕ್ಕೆಗಳು ಸಿಕ್ಕಾಪಟ್ಟೆ. ಯಾಕೆ?

ಉತ್ತರ 1: ಎಲ್ಲಾ ಪ್ಲಾಸ್ಟಿಕ್ ಅಲ್ಲ ಸರ್. ನೈಲ್ ರೆಡ್ ಜಿಡ್ಡಿಗೂ ಅಂಟಿ ಹೊಳೆಯುತ್ತೆ. ಪಲ್ಪ್ ಚೂರು, ಪಾಚಿ ಎಲ್ಲಾ ಲೆಕ್ಕಕ್ಕೆ ಬರುತ್ತೆ. ಅವು ಕರಗಿಹೋಗೋಕೆ, ಬಣ್ಣ ಹಾಕೋ ಮೊದಲು ಸೋಸಿ ಉಳಿದ ಕಸವನ್ನು 30% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 60 ಡಿಗ್ರಿಗೆ ಒಂದು ದಿನ ಇಡಿ. ನೊರೆ ಉಕ್ಕುತ್ತೆ, ಮುಚ್ಚಳ ಬಿಗಿ ಮಾಡಬೇಡಿ. ಗ್ಲೌಸ್, ಕನ್ನಡಕ ಬೇಕೇ ಬೇಕು. ಆಮೇಲೆ ಗ್ಲಾಸ್ ಫೈಬರ್ ಫಿಲ್ಟರ್‌ಗೆ ಸೋಸಿ, ಬಣ್ಣ ಹಾಕಿ, ಅರ್ಧ ಗಂಟೆ ಕತ್ತಲಲ್ಲಿಡಿ. ನೀಲಿ ಬೆಳಕನ್ನು ತಡೆಯೋಕೆ ಕ್ಯಾಮೆರಾ ಮುಂದೆ ಕಿತ್ತಳೆ ಫಿಲ್ಟರ್ ಇದೆ ತಾನೇ?

ಉತ್ತರ 2: ಬ್ಲ್ಯಾಂಕ್ ಮಾಡಿದ್ರಾ? ಶುದ್ಧ ನೀರನ್ನೂ ಹೀಗೇ ಓಡಿಸಿ, ಆ ಎಣಿಕೆ ಕಳೀರಿ. ಚಳಿಗೆ ಫ್ಲೀಸ್ ಜಾಕೆಟ್ ಹಾಕ್ಕೊಂಡು ಕೂತ್ರೆ ಅದರ ನಾರೇ ಬೀಳುತ್ತೆ! ಟೈರ್ ಚೂರು ಕಪ್ಪು, ಸರಿಯಾಗಿ ಹೊಳೆಯಲ್ಲ, ತಪ್ಪಿಹೋಗುತ್ತೆ. ಯಾವ ಪ್ಲಾಸ್ಟಿಕ್ ಅಂತ ತಿಳಿಯೋಕೆ ಎಫ್‌ಟಿಐಆರ್ ಅಥವಾ ರಾಮನ್ (ಬೆಳಕು ಹಾಯಿಸಿ ವಸ್ತು ಯಾವುದು ಅಂತ ಗುರುತಿಸೋ ಲ್ಯಾಬ್ ಪರೀಕ್ಷೆಗಳು) ಮಾಡಿಸಿ.