ಸಹಾಯ ಬೇಕು: ಅಂಗವೈಕಲ್ಯ ಹೆಚ್ಚಾಗಿದೆ, ಮರುಮೌಲ್ಯಮಾಪನಕ್ಕೆ ದಾರಿ ಯಾವುದು?

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರವರು. ನಮ್ಮ ಅಣ್ಣನಿಗೆ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಸ್ನಾಯುಗಳ ಕಾಯಿಲೆ ಇದ್ದು, ಕೆಲವು ವರ್ಷಗಳ ಹಿಂದೆ ಶೇ 55ರಷ್ಟು ಅಂಗವೈಕಲ್ಯವೆಂದು ಪ್ರಮಾಣಪತ್ರ ದೊರೆತಿತ್ತು. ಅದರ ಆಧಾರದ ಮೇಲೆ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಬಂದು, ತಿಂಗಳಿಗೆ 800 ರೂಪಾಯಿ ಮಾಸಾಶನ ಜಮೆಯಾಗುತ್ತಿದೆ. ಆದರೆ ಇದು ವರ್ಷದಿಂದ ವರ್ಷಕ್ಕೆ ಉಲ್ಬಣಿಸುವ ಕಾಯಿಲೆ. ಆಗ ಗೋಡೆ ಹಿಡಿದು ಅಂಗಳದವರೆಗೆ ಬರುತ್ತಿದ್ದವನನ್ನು ಈಗ ಹಾಸಿಗೆಯಿಂದ ಇಬ್ಬರು ಎತ್ತಿ ಕೂರಿಸಬೇಕು. ಜೋಳದ ರೊಟ್ಟಿ ಮುರಿಯಲೂ ಬೆರಳುಗಳಲ್ಲಿ ಬಲವಿಲ್ಲದ್ದರಿಂದ ಅವ್ವ ಅದನ್ನು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಾಳೆ.

ಶೇ 75ಕ್ಕಿಂತ ಹೆಚ್ಚಿನ ಅಂಗವೈಕಲ್ಯಕ್ಕೆ 1,400 ರೂಪಾಯಿ ಮಾಸಾಶನವಿದೆ. ನಾಡಕಚೇರಿಯಲ್ಲಿ ವಿಚಾರಿಸಿದಾಗ, ಪರಿಷ್ಕೃತ ಕಾರ್ಡ್ ತಂದರೆ ಮಾತ್ರ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದರು. ಆಸ್ಪತ್ರೆಯಲ್ಲಿ, ಕಾಯಂ ಪ್ರಮಾಣಪತ್ರ ಇರುವವರಿಗೆ ಮತ್ತೆ ತಪಾಸಣೆ ಬೇಕಿಲ್ಲ ಎಂದು ಹಿಂದಕ್ಕೆ ಕಳುಹಿಸಿದರು. ವಾಸಿಯಾಗದ ಕಾಯಿಲೆ ಹೆಚ್ಚಾಗುವುದೂ ಉಂಟಲ್ಲವೇ? ಇದನ್ನು ಗಣನೆಗೆ ತೆಗೆದುಕೊಳ್ಳದಿರುವುದು ನ್ಯಾಯವೆನಿಸುವುದಿಲ್ಲ. ಈ ಕಾರ್ಡ್‌ಗೆ ಅರ್ಜಿ ಸಲ್ಲಿಸುವ ಸರ್ಕಾರಿ ಜಾಲತಾಣವಾದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕಲು ಹೋದರೆ, ಈ ಆಧಾರ್ ಸಂಖ್ಯೆಗೆ ಈಗಾಗಲೇ ಕಾರ್ಡ್ ಇದೆ ಎಂದು ತಿರಸ್ಕರಿಸುತ್ತದೆ. ಅಂಗವಿಕಲರಿಗೆ ನೆರವಾಗುವ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ಮುಂದಿನ ದಾರಿ ತೋಚುತ್ತಿಲ್ಲ.

ಹೀಗೆಯೇ ಕಾಯಿಲೆ ಉಲ್ಬಣಿಸಿ ಶೇಕಡಾವಾರು ಪ್ರಮಾಣವನ್ನು ಹೆಚ್ಚಿಸಿಕೊಂಡವರು ದಯವಿಟ್ಟು ತಿಳಿಸಿ: ಮರುಮೌಲ್ಯಮಾಪನಕ್ಕೆ ಯಾರ ಹೆಸರಿಗೆ, ಯಾವ ದಾಖಲೆಗಳೊಂದಿಗೆ ಅರ್ಜಿ ಕೊಟ್ಟಿರಿ, ಮತ್ತು ಅದು ಮುಗಿಯುವವರೆಗೆ ಈಗಿನ ಮಾಸಾಶನ ನಿಲ್ಲದೆ ಬರುತ್ತಿತ್ತೇ?