ಹತ್ತು ಕಿಲೋಮೀಟರ್ ಓಡಿ ನಿಲ್ಲುವ ಟಾಟಾ 207: ಪಂಪ್ ಬಿಚ್ಚಿಸಬೇಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಗಾಡಿ ಟಾಟಾ 207 ಡಿಐ ಪಿಕಪ್, 2010ರ ಮಾಡೆಲ್. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡು ಹತ್ತು ವರ್ಷದ ಮೇಲಾಯ್ತು. ಅಡಿಕೆ, ಶುಂಠಿ, ಗೊಬ್ಬರ, ಮದುವೆ ಮನೆಯ ಪಾತ್ರೆ, ಎಲ್ಲಾ ಇದರಲ್ಲೇ ಹೋಗಿದ್ದು. ಹೋದ ವರ್ಷ ಅಪ್ಪ ತೀರಿಕೊಂಡರು. ಗಾಡಿ ಮಾರುವ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಚೆನ್ನಾಗೇ ಓಡುತ್ತದೆ. ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯುವುದಿಲ್ಲ. ಜರ್ಕ್ ಹೊಡೆಯುತ್ತದೆ, ಬಿಳಿ ಹೊಗೆ ಬಿಡುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್! ಮತ್ತೆ ಅದೇ ಹತ್ತು ಕಿಲೋಮೀಟರ್. ಹೋದ ಮಂಗಳವಾರ ಹದಿನಾಲ್ಕು ಚೀಲ ಅಡಿಕೆ ಹೇರಿಕೊಂಡು ಶಿವಮೊಗ್ಗ ಮಂಡಿಗೆ ಹೊರಟಿದ್ದೆ. ಮಂಡಗದ್ದೆ ದಾಟುವಷ್ಟರಲ್ಲಿ ಎರಡು ಸಲ ನಿಂತಿತು. ಮಳೆ ಬೇರೆ. ಟಾರ್ಪಾಲಿನ ಅಂಚು ಹಿಡಿದುಕೊಂಡು ರಸ್ತೆ ಪಕ್ಕ ನಿಂತಿದ್ದೆ.

ಒಂದೇ ತಿಂಗಳಲ್ಲಿ ಡೀಸೆಲ್ ಫಿಲ್ಟರ್ ಮೂರು ಸಲ ಬದಲಾಯಿಸಿದೆ. ನನ್ನ ಗಾಡಿಯಲ್ಲಿ ಎರಡು ಫಿಲ್ಟರ್ ಇವೆ, ಎರಡನ್ನೂ ಹಾಕಿಸಿದೆ. ಹೊಸದು ಹಾಕಿದಾಗ ಎರಡು ದಿನ ಪರವಾಗಿಲ್ಲ, ಆಮೇಲೆ ಅದೇ ಕಥೆ. ಮೂರನೇ ಸಲ ಬಿಚ್ಚಿದಾಗ ಫಿಲ್ಟರಿನ ತಳದಲ್ಲಿ ಕರೀ ಲೋಳೆ ಇತ್ತು. ಬಾವಿ ಕಟ್ಟೆ ಮೇಲಿನ ಪಾಚಿಯನ್ನು ಬೆರಳಲ್ಲಿ ಒರೆಸಿದರೆ ಹೇಗೆ ಬರುತ್ತದೋ ಹಾಗೇ. ವಾಸನೆಯೂ ಬರೀ ಡೀಸೆಲಿನದಲ್ಲ, ಹುಳಿ ಹುಳಿ.

ಗ್ಯಾರೇಜಿನಲ್ಲಿ, ಇಂಜಿನಿಗೆ ಡೀಸೆಲ್ ಒತ್ತಿ ಕೊಡುವ ಪಂಪ್ ಹೋಗಿದೆ, ಬಿಚ್ಚಿ ಕ್ಯಾಲಿಬ್ರೇಶನ್ (ಅಳತೆ ಸರಿ) ಮಾಡಿಸಬೇಕು, 22,000 ಆಗುತ್ತೆ ಅಂದರು. ಪಂಪೇ ಹೋಗಿದ್ದರೆ ಅರ್ಧ ಗಂಟೆ ಬಿಟ್ಟರೆ ಸರಿಯಾಗುತ್ತಾ? ಗೊತ್ತಿರುವವರು ದಯವಿಟ್ಟು ಹೇಳಿ. ಕೊಯ್ಲು ಶುರುವಾಗುವ ಮುಂಚೆ ಗಾಡಿ ಸರಿಯಾಗಬೇಕು.

ದಾವಣಗೆರೆ ಡೀಸೆಲ್ ಮೇಸ್ತ್ರಿ

ತಮ್ಮಾ, ಪಂಪಿಗೆ ಈಗಲೇ ಪಾನಾ ಹಾಕಿಸಬೇಡ. 24 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ. ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆ, ಆ ಅರ್ಧ ಗಂಟೆ.

ಟ್ಯಾಂಕಿನೊಳಗೆ ಡೀಸೆಲ್ ಎಳೆಯುವ ಪೈಪಿನ ತುದಿಗೆ ಒಂದು ಸಣ್ಣ ಜಾಲರಿ ಇರುತ್ತದೆ. ತಳದಲ್ಲಿ ಲೋಳೆ ಇದ್ದರೆ ಇಂಜಿನ್ ಓಡುವಾಗ ಎಳೆತಕ್ಕೆ ನಿಧಾನವಾಗಿ ಬಂದು ಆ ಜಾಲರಿಗೆ ಅಂಟಿಕೊಳ್ಳುತ್ತದೆ. ದಿಬ್ಬ ಬಂದಾಗ, ಲೋಡ್ ಇದ್ದಾಗ ಡೀಸೆಲ್ ಜಾಸ್ತಿ ಬೇಕು, ಅಲ್ವಾ? ಆಗಲೇ ಸಾಲದೆ ನಿಲ್ಲುವುದು. ಇಂಜಿನ್ ನಿಂತ ಮೇಲೆ ಎಳೆತ ಇಲ್ಲ, ಲೋಳೆ ಕಳಚಿ ಕೆಳಗೆ ಬೀಳುತ್ತದೆ. ಮತ್ತೆ ಸ್ಟಾರ್ಟ್. ಪಂಪಿನೊಳಗಿನ ಸವೆತ ಅರ್ಧ ಗಂಟೆಯಲ್ಲಿ ವಾಸಿಯಾಗುವುದಿಲ್ಲ.

ಮೊದಲು ಇದನ್ನು ಮಾಡು. ಗಾಡಿ ರಾತ್ರಿಯಿಡೀ ಅಲುಗಾಡದೆ ನಿಂತಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಟ್ಯಾಂಕಿನ ಕೆಳಗಿನ ಡ್ರೈನ್ ಬೋಲ್ಟ್ ಸಡಿಲ ಮಾಡಿ, ಮೊದಲು ಬರುವ ಒಂದು ಲೀಟರನ್ನು ಬಿಳೀ ಗಾಜಿನ ಬಾಟಲಿಗೆ ಹಿಡಿ. ಎರಡು ಗಂಟೆ ಸುಮ್ನೆ ಇಡು. ನೀರು ಡೀಸೆಲಿಗಿಂತ ಭಾರ, ಇದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತದೆ.

ಎರಡನೆಯದು ಕ್ಯಾನ್ ಪರೀಕ್ಷೆ. 5 ಲೀಟರ್ ಕ್ಯಾನಿಗೆ ಬಂಕಿನ ಹೊಸ ಡೀಸೆಲ್ ಹಾಕಿ ಇಂಜಿನಿಗಿಂತ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟು. ಬಿಸಿಯಾಗುವ ಜಾಗದಿಂದ ದೂರ ಇರಲಿ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್ ಇದೆಯಲ್ಲ, ಫೀಡ್ ಪಂಪ್, ಅದಕ್ಕೆ ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ ಕ್ಯಾನಿನಿಂದ ಕೊಡು. ಮಿಕ್ಕ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡು, ಇದನ್ನು ಮರೆತರೆ ಒಳ್ಳೇ ಡೀಸೆಲ್ ಎಲ್ಲಾ ಕೊಳಕು ಟ್ಯಾಂಕಿಗೆ ಹೋಗುತ್ತದೆ. ನಿಂತಲ್ಲೇ ಒಂದು ಗಂಟೆ ರೇಸ್ ಕೊಡು. ನಿಲ್ಲದೆ ಓಡಿದರೆ ಪಂಪ್ ಮೇಲಿನ ಅನುಮಾನ ಬಹಳ ಕಡಿಮೆಯಾಗುತ್ತದೆ.

ನೀರು ಕಂಡರೆ ಅದೇ ಡೀಸೆಲಿನಲ್ಲಿ ಇನ್ನೊಂದು ದಿನವೂ ಓಡಿಸಬೇಡ. ಪಂಪಿನೊಳಗೆ ಡೀಸೆಲ್ ಒತ್ತುವ ಕಡ್ಡಿಗೆ, ಅಂದರೆ ಪ್ಲಂಜರಿಗೆ, ಡೀಸೆಲೇ ಎಣ್ಣೆ. ನೀರು ಹೋದರೆ ತುಕ್ಕು ಹಿಡಿಯುತ್ತದೆ. ಆಗ 22,000 ನಿಜವಾಗಿಯೂ ಬೇಕಾಗುತ್ತದೆ.

ಗದಗಿನ ರೈತ

ಅಣ್ಣಾ, ಡೀಸೆಲ್ ಬಂಕಿನಿಂದ ನೇರ ಹಾಕಿಸುತ್ತೀರಾ, ಮನೆಯಲ್ಲಿ ಬ್ಯಾರಲ್ ಇಟ್ಟಿದ್ದೀರಾ? ನಮ್ಮ ಟ್ರ್ಯಾಕ್ಟರಿಗೆ ಹೀಗೇ ಆಗಿತ್ತು, ಬ್ಯಾರಲಿನಿಂದ. ಇನ್ನೊಂದು, ಗಾಡಿ ನಿಂತಾಗ ಟ್ಯಾಂಕಿನ ಮುಚ್ಚಳ ಬಿಚ್ಚಿ ನೋಡಿ. ಉಸ್ಸ್ ಅಂತ ಗಾಳಿ ಒಳಗೆ ಹೋದರೆ ಮುಚ್ಚಳದ ತೂತು ಕಟ್ಟಿದೆ ಅಂತ ಅರ್ಥ. ಅದಕ್ಕೂ ಗಾಡಿ ಹೀಗೇ ನಿಲ್ಲುತ್ತದೆ. ಸ್ವಲ್ಪ ಸೀಮೆಎಣ್ಣೆ ಹಾಕಿ ಓಡಿಸಿದರೆ ಲೋಳೆ ಕರಗುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ, ನಾನು ಮಾಡಿ ನೋಡಿಲ್ಲ.

ದಾವಣಗೆರೆ ಡೀಸೆಲ್ ಮೇಸ್ತ್ರಿ

ಮುಚ್ಚಳದ ಮಾತು ಸರಿ, ಅದನ್ನೂ ನೋಡು. ಸೀಮೆಎಣ್ಣೆ ಮಾತ್ರ ಬೇಡ. ಅದರಲ್ಲಿ ಜಿಡ್ಡು ಕಡಿಮೆ, ಪಂಪ್ ಸವೆಯುತ್ತದೆ. ಪೆಟ್ರೋಲ್, ಥಿನ್ನರ್ ಕೂಡ ಬೇಡ. ಕರಗಿದ ಕೊಳೆ ಮುಂದಕ್ಕೆ, ಸಿಲಿಂಡರಿಗೆ ಡೀಸೆಲ್ ಸಿಡಿಸುವ ನಾಜಲಿಗೇ ಹೋಗುವುದು. ಕೊಳೆಯನ್ನು ಹೊರಗೆ ತೆಗೆಯಬೇಕು, ಕರಗಿಸಬಾರದು.

ತುಂಗಾತೀರ

ಮೇಸ್ತ್ರಿಗಳೇ, ನೀವು ಹೇಳಿದ ಹಾಗೇ ಮಾಡಿದೆ. ಬಾಟಲಿ ನೋಡಿ ಅಮ್ಮ ಕೂಡ ಗಾಬರಿಯಾದರು. ತಳದಲ್ಲಿ ಮೂರು ಬೆರಳು ನೀರು, ಟೀ ಡಿಕಾಕ್ಷನ್ ಬಣ್ಣದ್ದು. ಮೇಲೆ ಡೀಸೆಲ್. ಎರಡರ ನಡುವೆ ಹಾಲಿನ ಕೆನೆಯಂತೆ ಒಂದು ಕಂದು ಪೊರೆ. ಬಾಟಲಿ ಓರೆ ಮಾಡಿದರೆ ಪೊರೆ ಹರಿಯುವುದಿಲ್ಲ, ಮಡಚಿಕೊಳ್ಳುತ್ತದೆ.

ಕ್ಯಾನ್ ಕಟ್ಟಿ ಒಂದು ಗಂಟೆ ಹತ್ತು ನಿಮಿಷ ಓಡಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ಮುಚ್ಚಳದ ತೂತು ಸರಿ ಇದೆ.

ಗದಗಿನ ಅಣ್ಣ ಕೇಳಿದ ಪ್ರಶ್ನೆ ನೇರ ನಾಟಿತು. ಬ್ಯಾರಲ್ ಇದೆ. ಟಿಲ್ಲರಿಗೆ, ಪಂಪ್‌ಸೆಟ್ಟಿಗೆ ಅಂತ ಅಪ್ಪ ಇಟ್ಟಿದ್ದು. ಕೊಟ್ಟಿಗೆ ಮಾಡಿನ ಅಂಚಿನಲ್ಲಿ ನಿಲ್ಲಿಸಿಟ್ಟಿದ್ದೇವೆ. ಅವಸರ ಇದ್ದಾಗ ಅದರಿಂದಲೇ ಗಾಡಿಗೂ ಹಾಕುತ್ತಿದ್ದೆ. ಆದರೆ ಅದರ ಬಿರಡೆ ಗಟ್ಟಿಯಾಗಿಯೇ ಇದೆ. ನೀರು ಹೇಗೆ ಹೋಯಿತು ಅನ್ನುವುದೇ ಅರ್ಥವಾಗುತ್ತಿಲ್ಲ.

ಹಾಸನದ ವಿಜ್ಞಾನ ಮೇಷ್ಟ್ರು

ಬಿರಡೆ ಗಟ್ಟಿ ಇದ್ದರೂ ಬ್ಯಾರಲ್ ಉಸಿರಾಡುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಹೊರಗೆ ಬರುತ್ತದೆ. ಸಂಜೆ ತಣ್ಣಗಾದಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ನಿಲ್ಲಿಸಿಟ್ಟ ಬ್ಯಾರಲಿನ ತಲೆಗೆ ಅಂಚಿನ ಕಟ್ಟೆ ಇರುತ್ತದಲ್ಲ, ಮಾಡಿನ ಹನಿ ಬಿದ್ದು ಅಲ್ಲಿ ನೀರು ನಿಂತಿದ್ದರೆ ಎಳೆದುಕೊಳ್ಳುವುದು ಆ ನೀರನ್ನೇ. ದಿನಕ್ಕೆ ಕೆಲವು ಹನಿ. ಆದರೆ ಮಲೆನಾಡಿನ ಮಳೆಗಾಲ ಉದ್ದ.

ಆ ಪೊರೆ ಜೀವ ಇರುವಂಥದ್ದು. ಒಂದು ಜಾತಿಯ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ. ಅವಕ್ಕೆ ಬದುಕಲು ನೀರು ಬೇಕು, ತಿನ್ನಲು ಡೀಸೆಲ್. ಅದಕ್ಕೇ ಎರಡೂ ಸೇರುವ ಗೆರೆಯಲ್ಲೇ ಬೆಳೆಯುತ್ತವೆ. ಅವು ಬಿಡುವ ಆಮ್ಲದಿಂದಲೇ ಆ ಹುಳಿ ವಾಸನೆ. ಅದು ಟ್ಯಾಂಕಿನ ತಗಡನ್ನೂ ತಿನ್ನುತ್ತದೆ. ನೀರನ್ನು ತೆಗೆದರೆ ಅವಕ್ಕೆ ಮನೆಯೇ ಇಲ್ಲ.

ಬ್ಯಾರಲನ್ನು ಸೂರಿನ ಒಳಗಿಡಿ. ಹೊರಗೇ ಇಡಬೇಕಾದರೆ ಅಡ್ಡ ಮಲಗಿಸಿ, ಎರಡು ಬಿರಡೆಗಳೂ ಒಂದೇ ಮಟ್ಟದಲ್ಲಿ ಎಡಕ್ಕೊಂದು ಬಲಕ್ಕೊಂದು ಬರುವ ಹಾಗೆ. ಆಗ ತಲೆಯ ಮೇಲೆ ನೀರು ನಿಲ್ಲುವುದಿಲ್ಲ.

ತುಂಗಾತೀರ

ಕೆಲಸ ಮುಗಿಯಿತು. ಎರಡು ದಿನ ಹಿಡಿಯಿತು. ಯಾರಿಗಾದರೂ ಬೇಕಾಗಬಹುದು ಅಂತ ಪೂರ್ತಿ ಬರೆಯುತ್ತಿದ್ದೇನೆ.

ಟ್ಯಾಂಕಿನಲ್ಲಿದ್ದ 28 ಲೀಟರ್ ಇಳಿಸಿ, ಪಟ್ಟಿ ಬಿಚ್ಚಿ ಟ್ಯಾಂಕನ್ನೇ ಕೆಳಗೆ ತೆಗೆದೆವು. ಎಳೆಯುವ ಪೈಪ್ ಹೊರಗೆ ಬಂದಾಗ ಜಾಲರಿ ಕಾಣಿಸಲೇ ಇಲ್ಲ. ಕರೀ ಚರ್ಮ ಹೊದಿಸಿದ ಹಾಗಿತ್ತು. ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಉಜ್ಜಿದಾಗ ಒಂದೊಂದೇ ಕಣ್ಣು ಬೆಳಕಿಗೆ ಬಂತು. ಆ ಹೊತ್ತಿಗೆ ನನಗೆ ಏನೋ ದೊಡ್ಡ ಭಾರ ಇಳಿದ ಹಾಗಾಯಿತು. ಅಪ್ಪನ ಇಂಜಿನ್ ಕೆಟ್ಟಿರಲಿಲ್ಲ, ಅದಕ್ಕೆ ಉಸಿರು ಕಟ್ಟಿತ್ತು ಅಷ್ಟೇ.

ಟ್ಯಾಂಕನ್ನು ಹೊಸ ಡೀಸೆಲಿನಿಂದಲೇ ನಾಲ್ಕು ಸಲ ಕುಲುಕಿ ತೊಳೆದೆವು. ನೀರು, ಸೋಪು ಮುಟ್ಟಿಸಲಿಲ್ಲ. ಪೈಪುಗಳನ್ನು ಎರಡೂ ತುದಿ ಬಿಚ್ಚಿ, ಪಂಪಿನ ಕಡೆಯಿಂದ ಟ್ಯಾಂಕಿನ ಕಡೆಗೆ ಗಾಳಿ ಹೊಡೆಸಿದೆ. ಒಂದು ರಬ್ಬರ್ ಪೈಪ್ ಒಳಗೇ ಊದಿಕೊಂಡಿತ್ತು, ಬದಲಾಯಿಸಿದೆ. ಫಿಲ್ಟರ್ ಬಟ್ಟಲುಗಳನ್ನು ಒರೆಸಿ ಎರಡೂ ಹೊಸ ಫಿಲ್ಟರ್ ಹಾಕಿದೆ.

ಪೈಪುಗಳಲ್ಲಿ ಸೇರಿದ ಗಾಳಿ (ಏರ್) ತೆಗೆಯುವುದಕ್ಕೇ ಜಾಸ್ತಿ ಹೊತ್ತಾಯಿತು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾ ಹೋದೆ. ಮೊದಲು ಬರೀ ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆ ಇಲ್ಲದ ಡೀಸೆಲ್. ಸ್ಕ್ರೂ ಬಿಗಿದು, ನಾಜಲ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಬಿಟ್ಟು ತಮ್ಮನಿಗೆ ಸೆಲ್ಫ್ ಹೊಡೆಯಲು ಹೇಳಿದೆ, ಒಂದು ಸಲಕ್ಕೆ ಹತ್ತು ಸೆಕೆಂಡ್ ಮಾತ್ರ. ನಾಲ್ಕರಲ್ಲೂ ಡೀಸೆಲ್ ಚಿಮ್ಮಿದ ಮೇಲೆ ಬಿಗಿದೆ. ಸ್ಟಾರ್ಟ್ ಆಯಿತು. ಆದರೆ ಮೂರನೇ ಸಿಲಿಂಡರ್ ಕೆಲಸ ಮಾಡುತ್ತಿರಲಿಲ್ಲ. ಅದರ ನಟ್ ಸಡಿಲಿಸಿದರೂ ಇಂಜಿನ್ ಸದ್ದು ಬದಲಾಗಲಿಲ್ಲ, ಅದರಿಂದ ಗೊತ್ತಾಯಿತು. ಆ ನಾಜಲ್ ಬಿಚ್ಚಿ ತೀರ್ಥಹಳ್ಳಿಯಲ್ಲಿ ಟೆಸ್ಟ್ ಮಾಡಿಸಿದರೆ ಮಂಜಿನಂತೆ ಸಿಡಿಯುವ ಬದಲು ತೊಟ್ಟಿಕ್ಕುತ್ತಿತ್ತು. ಹೊಸ ನಾಜಲ್, ತಾಮ್ರದ ವಾಷರ್. ಎಲ್ಲಾ ಸೇರಿ 5,400 ರೂಪಾಯಿ ಖರ್ಚು.

ನಿನ್ನೆ ಹದಿನಾರು ಚೀಲ ಹೇರಿಕೊಂಡು ಶಿವಮೊಗ್ಗಕ್ಕೆ ಹೋಗಿ ಬಂದೆ. ಹೋಗುವಾಗ ಮಂಡಗದ್ದೆಯಲ್ಲಿ ನಾನೇ ನಿಲ್ಲಿಸಿದೆ, ಟೀ ಕುಡಿಯಲು. ಬಂದ ಮೇಲೆ ಫಿಲ್ಟರಿನ ಕೆಳಗಿನ ಬೋಲ್ಟ್ ಬಿಟ್ಟು ನೋಡಿದೆ, ನಾಲ್ಕೈದು ಹನಿ ನೀರು, ಎರಡು ಎಳೆ ಲೋಳೆ. ಮೇಸ್ತ್ರಿಗಳೇ, ಇಷ್ಟು ಇದ್ದರೆ ಫಿಲ್ಟರ್ ಯಾವಾಗ ಬದಲಾಯಿಸಲಿ?

ದಾವಣಗೆರೆ ಡೀಸೆಲ್ ಮೇಸ್ತ್ರಿ

ಬಹಳ ಸಂತೋಷ ತಮ್ಮಾ. ಮೂಲೆಯಲ್ಲಿ ಉಳಿದದ್ದು ಇನ್ನೂ ಸ್ವಲ್ಪ ದಿನ ಬರುತ್ತಿರುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ ಫಿಲ್ಟರಿನ ತಳದ ನೀರು ಹೊರಗೆ ಬಿಡು. 500 ಕಿಲೋಮೀಟರಿಗೆ ಎರಡೂ ಫಿಲ್ಟರ್ ಬದಲಾಯಿಸು, ಆಮೇಲೆ ಮಾಮೂಲಿನಂತೆ. ಸಂಜೆ ಟ್ಯಾಂಕ್ ತುಂಬಿಸಿ ನಿಲ್ಲಿಸು, ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳಗೆ ಬೆವರು ಕಡಿಮೆ. ಬಿಸಿ ಇದ್ದಾಗ ಸ್ಟಾರ್ಟ್ ಆಗಲು ತಡ ಮಾಡಿದರೆ ಬರಿ, ಆಗ ಪಂಪ್ ನೋಡೋಣ. ಇಳಿಸಿದ ಆ 28 ಲೀಟರ್ ಏನು ಮಾಡಿದೆ? ತೋಟದ ಕಡೆ ಚೆಲ್ಲಬೇಡ.

ತುಂಗಾತೀರ

ಚೆಲ್ಲಿಲ್ಲ. ಮುಚ್ಚಳ ಇರುವ ಕ್ಯಾನುಗಳಲ್ಲಿ ಇಟ್ಟಿದ್ದೇನೆ. ಹಳೇ ಆಯಿಲ್ ತಗೊಳ್ಳುವವರು ಗುರುವಾರ ಬರುತ್ತಾರೆ, ಅವರಿಗೇ ಕೊಡುತ್ತೇನೆ. ಬ್ಯಾರಲಿನ ತಳದಲ್ಲೂ ನೀರಿತ್ತು. ತೊಳೆದು ಒಣಗಿಸಿ ಕೊಟ್ಟಿಗೆಯ ಒಳಗೆ ಮಲಗಿಸಿದ್ದೇನೆ.