ಡಿಜಿಟಲ್ ಪಲ್ಸ್, ಮೆಕೋನಿಯಂ: ಕುದುರೆ ತಪಾಸಣೆಯ ಎರಡು ಪದಗಳು

ಪ್ರಶ್ನೆ:
ಕುದುರೆ ಮತ್ತು ಮರಿಗಳ ತಪಾಸಣೆಯ ಕೈಪಿಡಿಯನ್ನು ಲಾಯದ ಕೆಲಸಗಾರರಿಗಾಗಿ ಕನ್ನಡಕ್ಕೆ ತರುತ್ತಿದ್ದೇವೆ. ಕರಡಿನಲ್ಲಿ ‘ಡಿಜಿಟಲ್ ಪಲ್ಸ್’ಗೆ ‘ಬೆರಳ ನಾಡಿ’, ಹುಟ್ಟಿದ ಮರಿ ಮೊದಲು ಹಾಕುವ ‘ಮೆಕೋನಿಯಂ’ಗೆ ‘ಪ್ರಥಮ ಮಲ’ ಎಂದಿದೆ. ಒಪ್ಪುತ್ತದೆಯೇ? ಬಲ್ಲವರು ತಿಳಿಸಿ.

ಉತ್ತರ 1:
‘ಬೆರಳ ನಾಡಿ’ ಬೇಡ ಸರ್, ಓದಿದವನು ತನ್ನ ಬೆರಳನ್ನೇ ನೋಡಿಕೊಂಡಾನು. ‘ಡಿಜಿಟ್’ ಎಂದರೆ ಬೆರಳು, ಅಂಗರಚನೆಯ ಲೆಕ್ಕದಲ್ಲಿ ಕುದುರೆ ಪ್ರತಿ ಕಾಲಿನ ಒಂದೇ ಬೆರಳ ಮೇಲೆ ನಿಂತಿರುವುದೇನೋ ನಿಜ. ಆದರೂ ‘ಗೊರಸಿನ ನಾಡಿ’ ಎಂದರೆ ಕೆಲಸಗಾರರಿಗೆ ಥಟ್ಟನೆ ತಿಳಿಯುತ್ತದೆ. ಎಲ್ಲಿ ಹಿಡಿಯಬೇಕೆಂದು ಪಕ್ಕದಲ್ಲೇ ಬರೆಯಿರಿ: ಫೆಟ್‌ಲಾಕ್ ಗೆಣ್ಣಿನ (ಗೊರಸಿನ ಮೇಲ್ಗಡೆ ಕಾಲು ಮಡಿಯುವ ಕೀಲು) ಹಿಂಬದಿ, ಎರಡೂ ಮಗ್ಗುಲು. ಅಲ್ಲಿ ನರ, ರಕ್ತನಾಳ ಸೇರಿದ ಹುರಿಯೊಂದು ಬೆರಳಡಿ ಜಾರುತ್ತದೆ. ಎರಡು ಬೆರಳ ತುದಿ ಹಗುರವಾಗಿಡಬೇಕು. ಒತ್ತಿದರೆ ನಾಳ ಮುಚ್ಚಿ ಬಡಿತವೇ ಮಾಯ. ಹೆಬ್ಬೆರಳಿಟ್ಟರೆ ತನ್ನದೇ ನಾಡಿ ಸಿಕ್ಕೀತು. ಆರೋಗ್ಯವಾಗಿರುವ ಕುದುರೆಯಲ್ಲಿ ಇದು ಸಿಕ್ಕೀತೋ ಇಲ್ಲವೋ ಎಂಬಷ್ಟು ಮಂದ. ಎರಡೂ ಮುಂಗಾಲಲ್ಲಿ ಚಿಮ್ಮುತ್ತಿದ್ದರೆ ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರದ ಉರಿಯೂತ) ಶಂಕೆ, ಒಂದೇ ಕಾಲಲ್ಲಾದರೆ ಗೊರಸಿನೊಳಗೆ ಕೀವಿರಬಹುದು. ಆಗಷ್ಟೇ ಓಡಿ ಬಂದ ಕುದುರೆಯಲ್ಲಿ ನೋಡಬೇಡಿ, ಎಲ್ಲ ಕಾಲಲ್ಲೂ ಜೋರಾಗಿಯೇ ಇರುತ್ತದೆ.

ಇಲ್ಲಿ ಗಮನಿಸುವುದು ಬಡಿತದ ಬಿರುಸು, ಸಂಖ್ಯೆಯಲ್ಲ. ಎಣಿಸುವುದಕ್ಕೆ ದವಡೆಯ ಕೆಳಅಂಚಿನ ನಾಡಿ ಇದೆ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. ಮೊದಲ ವಾರದ ಮರಿಗೆ 80ರಿಂದ 120 ಸಹಜ, ದೊಡ್ಡದರ ಪಟ್ಟಿ ಹಿಡಿದು ಗಾಬರಿಯಾಗುವುದು ಬೇಡ.

ಉತ್ತರ 2:
‘ಪ್ರಥಮ ಮಲ’ ಅರ್ಥವಾಗುತ್ತದೆ, ಲಾಯದ ಮಾತಲ್ಲ ಅಷ್ಟೆ. ಹಸುವಿಗೆ ಸಗಣಿ, ಕುರಿಗೆ ಹಿಕ್ಕೆ, ಕುದುರೆಗೆ ಲದ್ದಿ. ‘ಮೊದಲ ಲದ್ದಿ’ ಎನ್ನಿ. ಕಪ್ಪುಗಂದು, ಅಂಟಂಟು, ಕೆಲವೊಮ್ಮೆ ಗಟ್ಟಿ ಉಂಡೆ. ಗಿಣ್ಣುಹಾಲು ಕುಡಿದ ಮರಿಯಲ್ಲಿ ಸಾಮಾನ್ಯವಾಗಿ ಹುಟ್ಟಿದ 24 ಗಂಟೆಯೊಳಗೆ ಬಿದ್ದು, ಆಮೇಲೆ ಹಳದಿಯ ಮೆತ್ತನೆ ಲದ್ದಿ ಬರಬೇಕು.

ಕೈಪಿಡಿಯಲ್ಲಿ ‘ಸ್ಟ್ರೇನಿಂಗ್’ ಕೂಡ ಬಂದೇ ಬರುತ್ತದೆ. ‘ತಿಣುಕು’ ಸರಿಯಾದ ಪದ, ಆದರೆ ಯಾವುದಕ್ಕೆ ತಿಣುಕುತ್ತಿದೆ ಎಂದೂ ಸೇರಿಸಿ. ಲದ್ದಿಗೆ ತಿಣುಕುವ ಮರಿ ಬಾಲವೆತ್ತಿ, ಬೆನ್ನು ಕಮಾನಾಗಿಸಿ, ಹಿಂಗಾಲನ್ನು ಹೊಟ್ಟೆಯಡಿಗೆ ತರುತ್ತದೆ. ಉಚ್ಚೆಗಾದರೆ ಕಾಲು ಚಾಚಿ, ಬೆನ್ನು ತಗ್ಗಿಸಿ ನಿಲ್ಲುತ್ತದೆ. ಮೊದಲನೆಯದಕ್ಕೆ ವೈದ್ಯರು ಎನಿಮಾ ಕೊಟ್ಟಾರು. ಎರಡನೆಯದು, ಅದರಲ್ಲೂ ಎರಡು ಮೂರು ದಿನದ ಗಂಡುಮರಿಯಲ್ಲಿ ಕಂಡರೆ, ಮೂತ್ರಕೋಶ ಒಡೆದಿರುವ ಅನುಮಾನ. ಅಂಥ ಮರಿಯೂ ಹನಿ ಹನಿ ಹೊಯ್ಯುತ್ತಿರಬಹುದು. ಅದನ್ನು ನೋಡಿ ‘ಉಚ್ಚೆ ಸರಿಯಿದೆ’ ಎಂದು ದಾಖಲಿಸಬಾರದು.